ಹದಿನಾರರ ವೇಗ ಇಪ್ಪತ್ತಾರಕ್ಕೆ ಮತ್ತೆ ಬರುತ್ತಾ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ತವರು ಸಕಲೇಶಪುರ ತಾಲ್ಲೂಕು. ಮದುವೆಯಾಗಿ ಹಾಸನದಲ್ಲಿದ್ದೇನೆ, ಕಚೇರಿ ಕೆಲಸ. ಎಂಟನೇ ಕ್ಲಾಸಿನಿಂದ 1500 ಮತ್ತು 3000 ಮೀಟರ್ ಓಡುತ್ತಿದ್ದೆ. 16ನೇ ವಯಸ್ಸಿನಲ್ಲಿ 1500 ಮೀಟರ್ 4 ನಿಮಿಷ 46 ಸೆಕೆಂಡಿಗೆ ಓಡಿ ರಾಜ್ಯಕ್ಕೆ ಮೊದಲು ಬಂದೆ. ಪೇಪರಿನಲ್ಲಿ ಫೋಟೊ ಬಂತು, ಊರಲ್ಲಿ ಸನ್ಮಾನ ಆಯಿತು. ಕ್ರೀಡಾ ಹಾಸ್ಟೆಲ್ ಸೇರಿದ ಮೇಲೆ ಮೈ ತುಂಬಿಕೊಂಡಿತು, ಟೈಮಿಂಗ್ ಕೆಟ್ಟಿತು. ಕೋಚ್ ಸರ್ ತೂಕ ಇಳಿಸು ಅಂದರು. ರಾತ್ರಿ ಊಟ ಬಿಟ್ಟೆ. ವರ್ಷಕ್ಕೂ ಜಾಸ್ತಿ ಮುಟ್ಟು ನಿಂತಿತ್ತು. ಎರಡು ಸಲ ಕಾಲಿನ ಮೂಳೆ ಬಿರುಕು ಬಿಟ್ಟಿತು. 19ಕ್ಕೆ ಓಟವನ್ನೇ ಬಿಟ್ಟೆ. ಐದು ತಿಂಗಳಿಂದ ಮತ್ತೆ ಓಡುತ್ತಿದ್ದೇನೆ. 5 ಕಿ.ಮೀ. 22 ನಿಮಿಷಕ್ಕೆ ಬಂದಿದೆ. ಉಸಿರು ಚೆನ್ನಾಗಿದೆ, ಇನ್ನೂ ಜೋರಾಗಿ ಓಡಬಲ್ಲೆ ಅನಿಸುತ್ತದೆ. ಆದರೆ ಎರಡು ವಾರದಿಂದ ಎಡಗಾಲಿನ ಶಿನ್ (ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ) ನೋಯುತ್ತಿದೆ. ಮುಟ್ಟು 40–45 ದಿನಕ್ಕೊಮ್ಮೆ. ಚಿಕ್ಕಂದಿನಲ್ಲೇ ಓಡಿ ಓಡಿ ಶಕ್ತಿ ಖಾಲಿ ಮಾಡಿಕೊಂಡೆ ಅನ್ನುತ್ತಾರೆ, ನಿಜವಾ? ಓಡಿದರೆ ಗರ್ಭಕೋಶ ಜಾರುತ್ತೆ, ಮಕ್ಕಳಾಗಲ್ಲ ಅಂತ ಅತ್ತೆಗೆ ಭಯ. ಜಿಮ್‌ನ ಒಬ್ಬರು ನೋವಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಿ, ಪ್ರೋಟೀನ್ ಪೌಡರ್ ತಗೊಳ್ಳಿ ಅಂತಾರೆ. ಹಳೇ ಕೋಚ್ ಸರ್ ಮತ್ತೆ ಬಾ ಅಂತ ಕರೆದಿದ್ದಾರೆ. ಈ ಸಲದ ದಸರಾ ಕ್ರೀಡಾಕೂಟದಲ್ಲಿ 1500 ಓಡಬಹುದಾ? ನನ್ನ ಹಳೇ ವೇಗ ಮತ್ತೆ ಬರುತ್ತಾ?

ಉತ್ತರ: ನೀವು ಕೊನೆಯಲ್ಲಿ ಕೇಳಿದ್ದು ವೇಗದ ಬಗ್ಗೆ. ನನ್ನ ಕಣ್ಣು ನಿಂತದ್ದು ನಡುವಿನ ಮೂರು ವಾಕ್ಯಗಳ ಮೇಲೆ. ಉಸಿರು ಚೆನ್ನಾಗಿದೆ, ಶಿನ್ ನೋಯುತ್ತಿದೆ, ಮುಟ್ಟು 40–45 ದಿನಕ್ಕೆ ಬರುತ್ತಿದೆ. ಈ ಮೂರೂ ಒಟ್ಟಿಗೆ ಇದ್ದಾಗ ಕ್ರೀಡಾ ಫಿಸಿಯೋಥೆರಪಿ ಮಾಡುವ ನಾನು ಮೊದಲು ಹೇಳುವ ಮಾತು ಒಂದೇ: ನೋವು ಏನು ಅಂತ ಗೊತ್ತಾಗುವವರೆಗೆ ಓಟ ನಿಲ್ಲಿಸಿ. ಸೈಕಲ್ ತುಳಿಯಿರಿ, ಈಜು ಬಂದರೆ ಈಜಿ. ಉಸಿರು ಎಲ್ಲೂ ಹೋಗುವುದಿಲ್ಲ.

ಮೊದಲು ವಯಸ್ಸಿನ ಮಾತು ಮುಗಿಸೋಣ. 26 ತಡ ಅಲ್ಲವೇ ಅಲ್ಲ. 1500 ಮೀಟರ್ ಓಡುವ ಹೆಂಗಸರು ತಮ್ಮ ಒಳ್ಳೆಯ ಓಟ ಓಡುವುದು ಹೆಚ್ಚಾಗಿ 20ರ ದಶಕದ ನಡುವಿನಲ್ಲಿ ಮತ್ತು ಕೊನೆಯಲ್ಲಿ. ಕೀನ್ಯಾದ ಫೇತ್ ಕಿಪ್ಯೆಗಾನ್ ಹದಿಹರೆಯದಲ್ಲೇ ಜೂನಿಯರ್ ವಿಶ್ವ ಚಾಂಪಿಯನ್ ಆಗಿದ್ದವರು. 2018ರಲ್ಲಿ ಮಗು ಆಯಿತು. 2023ರಲ್ಲಿ, 29ನೇ ವಯಸ್ಸಿನಲ್ಲಿ, 1500 ಮೀಟರಿನ ವಿಶ್ವದಾಖಲೆ ಮುರಿದರು. ನಿಮ್ಮ ಕಥೆಗೆ ಇನ್ನೂ ಹತ್ತಿರದವರು ಬ್ರಿಟನ್ನಿನ ಕೆಲ್ಲಿ ಹೋಮ್ಸ್. ಶಾಲಾ ಮಟ್ಟದ 1500 ಮೀಟರ್ ಚಾಂಪಿಯನ್ ಆಗಿದ್ದ ಹುಡುಗಿ ಓಟವನ್ನು ಬದಿಗಿಟ್ಟು ಸೈನ್ಯ ಸೇರಿದರು. ಕೆಲವು ವರ್ಷ ಬಿಟ್ಟು ಟ್ರ್ಯಾಕಿಗೆ ವಾಪಸ್ ಬಂದರು. ಬಂದ ಮೇಲೂ ಗಾಯದ ಮೇಲೆ ಗಾಯ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 800 ಮತ್ತು 1500 ಎರಡರಲ್ಲೂ ಚಿನ್ನ ಗೆದ್ದಾಗ ಅವರಿಗೆ 34. ನಮ್ಮ ಪಿ.ಟಿ. ಉಷಾ ಮದುವೆ, ಮಗು ಎಲ್ಲ ಆದ ಮೇಲೆ ಮತ್ತೆ ಓಡಿ, 1998ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಪದಕ ತಂದಾಗಲೂ ಅದೇ 34. ಇವರೆಲ್ಲ ಅಪರೂಪದವರು, ಒಪ್ಪುತ್ತೇನೆ. ಆದರೆ 26ಕ್ಕೆ ಬಾಗಿಲು ಮುಚ್ಚುತ್ತದೆ ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು.

‘ಶಕ್ತಿ ಖಾಲಿ ಆಯಿತು’ ಅನ್ನುವುದು ನಮ್ಮ ಕಡೆ ಬಹಳ ಕೇಳುವ ಮಾತು. ಹೃದಯ, ಶ್ವಾಸಕೋಶ, ಸ್ನಾಯುಗಳಲ್ಲಿ ಹಾಗೆ ಬಳಸಿ ಮುಗಿಸುವಂಥದ್ದು ಏನೂ ಇಲ್ಲ. ನಿಜವಾಗಿ ಆಗಿದ್ದು ಬೇರೆ, ಅದನ್ನು ಯಾರೂ ನಿಮಗೆ ಬಿಡಿಸಿ ಹೇಳಿದ ಹಾಗಿಲ್ಲ.

ಹುಡುಗಿಯರು 13–14ಕ್ಕೆ ಗಾಳಿಯ ಹಾಗೆ ಓಡುತ್ತಾರೆ. ಮೈ ಹಗುರ, ಸೊಂಟ ಕಿರಿದು. ಆಮೇಲೆ ಮೈ ಬದಲಾಗುತ್ತದೆ. ಸೊಂಟ ಅಗಲವಾಗುತ್ತದೆ, ಕೊಬ್ಬು ಸ್ವಲ್ಪ ಸೇರುತ್ತದೆ. ಒಂದೆರಡು ವರ್ಷ ಟೈಮಿಂಗ್ ನಿಂತಲ್ಲೇ ನಿಲ್ಲುತ್ತದೆ, ಕೆಲವರದ್ದು ಕೆಡುತ್ತದೆ. ಇದು ಕಾಯಿಲೆ ಅಲ್ಲ. ಆ ಎರಡು ವರ್ಷ ಸುಮ್ನೆ ಕಾದು, ಚೆನ್ನಾಗಿ ತಿಂದು, ಕಾಲಿಗೆ ಬಲ ತುಂಬಿಕೊಂಡರೆ ಮೊದಲಿಗಿಂತ ಗಟ್ಟಿಯಾದ ಓಟಗಾರ್ತಿ ಹೊರಬರುತ್ತಾಳೆ. ಆದರೆ ಮುಂದಿನ ಕೂಟ ಹತ್ತಿರದಲ್ಲಿರುತ್ತದೆ, ಹಾಸ್ಟೆಲ್ ಸೀಟು ಉಳಿಸಿಕೊಳ್ಳಬೇಕಿರುತ್ತದೆ. ಕಾಯುವವರು ಯಾರು? ಹಾಗಾಗಿ ತಕ್ಕಡಿ ಬರುತ್ತದೆ.

ತೂಕ ಇಳಿಸಿದರೆ ವೇಗ ಬರುತ್ತದೆ ಅನ್ನುವುದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಅಪಾಯ. ಮೊದಲ ಕೆಲವು ತಿಂಗಳು ನಿಜಕ್ಕೂ ಟೈಮಿಂಗ್ ಸುಧಾರಿಸುತ್ತದೆ. ಕೋಚ್‌ಗೂ ಹುಡುಗಿಗೂ ದಾರಿ ಸರಿಯಿದೆ ಅನಿಸುತ್ತದೆ. ಒಳಗೆ ನಡೆಯುವ ಲೆಕ್ಕ ಬೇರೆ. ಸಂಬಳ ಬಂದ ದಿನವೇ ಸಾಲದ ಕಂತು ಕಡಿತವಾದ ಹಾಗೆ, ತಿಂದದ್ದರಲ್ಲಿ ಓಟದ ಪಾಲು ಮೊದಲೇ ಹೋಗಿರುತ್ತದೆ. ಉಳಿದದ್ದರಲ್ಲಿ ದೇಹ ಮನೆ ನಡೆಸಬೇಕು. ಸಾಲದಿದ್ದಾಗ, ಇವತ್ತಿಗೆ ಬೇಡ ಅನಿಸಿದ ಕೆಲಸಗಳನ್ನು ಅದು ಒಂದೊಂದಾಗಿ ನಿಲ್ಲಿಸುತ್ತದೆ. ಮುಟ್ಟು ನಿಲ್ಲುತ್ತದೆ. ಮೂಳೆ ಕಟ್ಟುವ ಕೆಲಸ ನಿಧಾನವಾಗುತ್ತದೆ. ಮುಟ್ಟು ನಿಂತರೆ ಟ್ರೇನಿಂಗ್ ಚೆನ್ನಾಗಿ ಆಗುತ್ತಿದೆ ಅಂತ ಅರ್ಥ, ದೊಡ್ಡ ಓಟಗಾರ್ತಿಯರಿಗೆಲ್ಲ ಹಾಗೇ ಅಂತ ಹಾಸ್ಟೆಲ್‌ಗಳಲ್ಲಿ ಹುಡುಗಿಯರು ತಮ್ಮತಮ್ಮಲ್ಲೇ ಹೇಳಿಕೊಳ್ಳುವುದನ್ನು ನಾನು ಇವತ್ತಿಗೂ ಕೇಳುತ್ತೇನೆ. ಮೈ ಉರಿಯುತ್ತದೆ ನನಗೆ. ಮುಟ್ಟು ನಿಂತರೆ ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನು ಕಡಿಮೆಯಾಗಿದೆ ಅಂತ ಅರ್ಥ. ಈಸ್ಟ್ರೊಜೆನ್ ಕಡಿಮೆಯಾದರೆ ಮೂಳೆ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಇಡೀ ಸ್ಥಿತಿಗೆ ರೆಡ್-ಎಸ್ (ಕ್ರೀಡೆಯಲ್ಲಿ ಮೈಗೆ ಬೇಕಾದಷ್ಟು ಶಕ್ತಿ ಸಿಗದಿರುವುದು) ಅಂತ ಹೆಸರಿಟ್ಟಿತು. ಹುಡುಗರಿಗೂ ಬರುತ್ತದೆ, ಅವರಲ್ಲಿ ಮುಟ್ಟಿನಂಥ ಗುರುತು ಇಲ್ಲದ ಕಾರಣ ಬೇಗ ಗೊತ್ತಾಗುವುದಿಲ್ಲ, ಅಷ್ಟೆ.

ನಿಮಗೊಬ್ಬರಿಗೇ ಹೀಗಾಗಿದ್ದಲ್ಲ. ಅಮೆರಿಕದ ಮೇರಿ ಕೇನ್ 2013ರಲ್ಲಿ 17ನೇ ವಯಸ್ಸಿಗೇ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ನ 1500 ಮೀಟರ್ ಫೈನಲ್ ಓಡಿದವರು. ಆಮೇಲೆ ಸುದ್ದಿಯೇ ಇಲ್ಲದಂತಾದರು. ತೂಕ ಇಳಿಸುವ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆ ಮುರಿದವು ಅಂತ ಅವರೇ 2019ರಲ್ಲಿ ಬಹಿರಂಗವಾಗಿ ಹೇಳಿದರು. ಅಷ್ಟು ಹಣ, ಅಷ್ಟು ಸೌಲಭ್ಯ ಇರುವ ಕಡೆಯೇ ಹೀಗಾದರೆ, ನಮ್ಮ ಹಾಸ್ಟೆಲಿನ ಹುಡುಗಿ ತನ್ನದೇ ತಪ್ಪು ಅಂದುಕೊಂಡು ಮನೆಗೆ ಬರುವುದರಲ್ಲಿ ಏನು ಆಶ್ಚರ್ಯ?

ಈಗ ನಿಮ್ಮ ಮೂಳೆಯ ವಿಷಯ. ದೊಡ್ಡವರ ಮೂಳೆಯ ಗಟ್ಟಿತನದಲ್ಲಿ ಸುಮಾರು 90% ಕೂಡಿಡುವುದು ಹದಿಹರೆಯ ಮುಗಿಯುವುದರೊಳಗೆ. ನಿಮಗೆ ಮುಟ್ಟು ನಿಂತದ್ದು, ಊಟ ಬಿಟ್ಟದ್ದು ಸರಿಯಾಗಿ ಅದೇ ಹೊತ್ತಿನಲ್ಲಿ. ಹಾಗಾಗಿ ನಿಮ್ಮ ಮೂಳೆ ಅಂದಿನ ಕೊರತೆಯನ್ನು ಇನ್ನೂ ಹೊತ್ತಿರಬಹುದು. ಇರಲೇಬೇಕು ಅಂತೇನಿಲ್ಲ, ನೋಡಿ ತಿಳಿದುಕೊಳ್ಳಬೇಕು ಅಷ್ಟೆ.

ಇನ್ನೊಂದು ತೊಂದರೆ ಓಟ ಬಿಟ್ಟು ಮತ್ತೆ ಬರುವ ಎಲ್ಲರಿಗೂ ಇದೆ. ಉಸಿರು ಬೇಗ ಬರುತ್ತದೆ. ಕೆಲವೇ ವಾರಗಳಲ್ಲಿ ರಕ್ತದ ಪ್ರಮಾಣ ಏರುತ್ತದೆ, ಹೃದಯ ಪಳಗುತ್ತದೆ, ಎರಡು ಮೂರು ತಿಂಗಳಿಗೆ ಸ್ನಾಯು ಹುರಿಗೊಳ್ಳುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಮತ್ತು ಮೂಳೆ ಹಾಗಲ್ಲ. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ಹಳೆಯದನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಒಂದು ಸುತ್ತಿಗೆ ಮೂರು ನಾಲ್ಕು ತಿಂಗಳು ಬೇಕು. ಕರಗಿಸಿ ಇನ್ನೂ ಕಟ್ಟದ ಆ ನಡುವಿನ ವಾರಗಳಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಸೇನಾ ಭರ್ತಿಯ 1.6 ಕಿ.ಮೀ. ಓಟಕ್ಕೆ ದಿಢೀರನೆ ತಯಾರಿ ಶುರು ಮಾಡುವ ಹಾಸನ, ಕೊಡಗಿನ ಹುಡುಗರು ಶಿನ್ ಹಿಡಿದುಕೊಂಡು ನನ್ನ ಹತ್ತಿರ ಬರುವುದು ಇದೇ ಕಾರಣಕ್ಕೆ. ಹಿಂದೆ ಚಾಂಪಿಯನ್ ಆಗಿದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಹೊಸಬರಿಗೆ ಜೋರಾಗಿ ಓಡಲು ಬರುವುದಿಲ್ಲ, ನಿಮಗೆ ಬರುತ್ತದೆ. ನೋವು ನುಂಗುವುದೂ ಬರುತ್ತದೆ. ‘ಇನ್ನೂ ಜೋರಾಗಿ ಓಡಬಲ್ಲೆ’ ಅಂತ ನೀವು ಬರೆದಿದ್ದೀರಲ್ಲ, ಅದನ್ನು ಹೇಳುತ್ತಿರುವುದು ನಿಮ್ಮ ಶ್ವಾಸಕೋಶ. ಕಾಲಿನ ಅಭಿಪ್ರಾಯ ಬೇರೆ ಇದೆ.

ನೋವನ್ನು ನೀವೇ ಒಂದಿಷ್ಟು ಪರೀಕ್ಷಿಸಬಹುದು. ಶಿನ್ ಮೂಳೆಯ ಒಳ ಅಂಚನ್ನು ಬೆರಳಿನಿಂದ ಒತ್ತುತ್ತಾ ಬನ್ನಿ. ಒಂದು ಗೇಣಿನಷ್ಟು ಉದ್ದಕ್ಕೂ ಹರಡಿದ ನೋವು, ಓಡುತ್ತಾ ಬಿಸಿಯಾದ ಮೇಲೆ ಕಡಿಮೆಯಾದರೆ, ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್, ಅಂದರೆ ಬಿರುಕಿಲ್ಲದ, ಹೊರೆ ಜಾಸ್ತಿಯಾಗಿ ಬಂದ ನೋವು. ಹೊರೆ ಇಳಿಸಿದರೆ ಸುಧಾರಿಸುತ್ತದೆ. ಒಂದೇ ಬೆರಳು ಇಡುವಷ್ಟು ಜಾಗದಲ್ಲಿ ಚುಚ್ಚಿದಂತೆ ನೋವು, ಓಡಿದಷ್ಟೂ ಏರುವುದು, ಮಲಗಿದಾಗಲೂ ಇರುವುದು, ಇವು ಬಿರುಕಿನ ಲಕ್ಷಣ. ಶಿನ್‌ನ ಮುಂಭಾಗದ ಚೂಪು ಅಂಚಿನಲ್ಲಿ, ಪಾದದ ಮೇಲ್ಭಾಗದ ನಡುವೆ ಅಥವಾ ತೊಡೆಸಂದಿನಲ್ಲಿ ನೋವಿದ್ದರೆ ಒಂದು ದಿನವೂ ಕಾಯಬೇಡಿ. ಅಲ್ಲಿನ ಬಿರುಕು ಸುಲಭಕ್ಕೆ ಕೂಡುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು ಅಂತ ಮತ್ತೆ ಓಡಲು ಹೋಗಬೇಡಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರುವುದೇ ಹೆಚ್ಚು. ಎಂಆರ್‌ಐಯಲ್ಲಿ ಕಾಣುತ್ತದೆ. ಹಿಂದೆ ಎರಡು ಬಿರುಕು ಆಗಿರುವ ನಿಮಗೆ ಎಂಆರ್‌ಐ ದುಡ್ಡು ದಂಡವಲ್ಲ.

ಜೊತೆಗೆ ಸ್ತ್ರೀರೋಗ ವೈದ್ಯರನ್ನು ಕಾಣಿ. 35 ದಿನಕ್ಕಿಂತ ದೂರದ ಮುಟ್ಟಿಗೆ ಥೈರಾಯಿಡ್, ಪಿಸಿಒಎಸ್, ಊಟದ ಕೊರತೆ, ಯಾವುದೂ ಕಾರಣ ಇರಬಹುದು. ಓಡುತ್ತೀನಿ ಅಂತಲೂ, ಹಿಂದೆ ವರ್ಷಗಟ್ಟಲೆ ಮುಟ್ಟು ನಿಂತಿತ್ತು ಅಂತಲೂ ಬಾಯಿಬಿಟ್ಟು ಹೇಳಿ. ಮಾತ್ರೆ ಕೊಟ್ಟು ಮುಟ್ಟು ಬರಿಸಿದರೆ ವಿಷಯ ಮುಗಿಯುವುದಿಲ್ಲ. ಆ ಮುಟ್ಟು ಮಾತ್ರೆಯದ್ದು, ಕಡಿಮೆ ಊಟದಿಂದ ಸವೆದ ಮೂಳೆಗೆ ಅದರಿಂದ ರಕ್ಷಣೆ ಸಿಗುವುದಿಲ್ಲ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ), ವಿಟಮಿನ್ ಡಿ ಸೇರಿಸಲು ಕೇಳಿ. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮೈಸೂರು, ಬೆಂಗಳೂರಿನಲ್ಲಿ ಸಿಗುತ್ತದೆ. ಒಮ್ಮೆ ಮಾಡಿಸಿ.

ಅತ್ತೆಯವರ ಭಯದ ಬಗ್ಗೆ. ಆರೋಗ್ಯವಂತ ಹೆಣ್ಣು ಓಡಿದರೆ ಗರ್ಭಕೋಶ ಜಾರುವುದಿಲ್ಲ. ಹೆರಿಗೆ ಆದ ಮೇಲೆ ಕನಿಷ್ಠ ಮೂರು ತಿಂಗಳು ಓಡಬಾರದು, ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಮೊದಲು ಬಲ ಬರಬೇಕು. ಹಳಬರ ಮಾತು ಹುಟ್ಟಿದ್ದು ಬಹುಶಃ ಅಲ್ಲಿಂದಲೇ. ಮಕ್ಕಳಾಗುವುದಕ್ಕೂ ಓಟ ಅಡ್ಡಿಯಲ್ಲ. ಓಟಕ್ಕೆ ತಕ್ಕಷ್ಟು ತಿನ್ನದಿರುವುದು ಅಡ್ಡಿ. ಆದ್ದರಿಂದ ಅತ್ತೆಯವರ ಜೊತೆ ವಾದ ಬೇಡ, ಅಡುಗೆಮನೆಯಲ್ಲಿ ಅವರನ್ನೇ ನಿಮ್ಮ ಕಡೆಗೆ ಮಾಡಿಕೊಳ್ಳಿ!

ಊಟದಲ್ಲಿ ಹೊಸದೇನೂ ಬೇಕಿಲ್ಲ, ಜಾಸ್ತಿ ಬೇಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಮುದ್ದೆ, ಹುರುಳಿಕಾಳು ಸಾರು, ಮೊಟ್ಟೆ, ಮೊಸರು, ತಿನ್ನುವವರಾದರೆ ಮೀನು. ಇಷ್ಟು ಸರಿಯಾಗಿ ಉಂಡರೆ ಪೌಡರ್ ಡಬ್ಬದ ಅಗತ್ಯ ಬಹಳ ಜನಕ್ಕೆ ಬರುವುದಿಲ್ಲ. ನಮ್ಮ ಮಲೆನಾಡಿನವರ ನಿಜವಾದ ಕಷ್ಟ ಕಾಫಿ. ಬೆಳಿಗ್ಗೆ ಬರೀ ಹೊಟ್ಟೆಗೆ ಒಂದು ಲೋಟ ಕಾಫಿ ಕುಡಿದು ಓಡಲು ಹೋಗುವುದು, ವಾಪಸ್ ಬಂದು ಸ್ನಾನ, ಕಚೇರಿ, ತಿಂಡಿ ಹತ್ತು ಗಂಟೆಗೆ. ಓಡುವ ಮೊದಲು ಒಂದು ಬಾಳೆಹಣ್ಣಾದರೂ ತಿನ್ನಿ, ಓಡಿ ಬಂದು ಅರ್ಧ ಮುಕ್ಕಾಲು ಗಂಟೆಯೊಳಗೆ ತಿಂಡಿ ಮುಗಿಸಿ. ಊಟದ ಜೊತೆಗೇ ಕುಡಿದ ಕಾಫಿ, ಟೀ ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿ. ಕಾಫಿ ಬಿಡಿ ಅಂತ ಸಕಲೇಶಪುರದವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ.

ಇಂಜೆಕ್ಷನ್ ಬೇಡ. ನೋವಿನ ಇಂಜೆಕ್ಷನ್ ಬಿರುಕನ್ನು ಕೂಡಿಸುವುದಿಲ್ಲ, ನಿಮಗೆ ಗೊತ್ತಾಗದಂತೆ ಮಾಡುತ್ತದೆ. ಅದು ಸ್ಟಿರಾಯಿಡ್ ಆಗಿದ್ದರೆ ಟೆಂಡನ್ ಹರಿಯುವ ಅಪಾಯವೂ ಇದೆ. ಡೋಪಿಂಗ್ ನಿಯಮ ಇನ್ನೊಂದು. ಕೀಲು ನೋವಿಗೆ ಕೊಡುವಂಥ ಕಾರ್ಟಿಕೊ ಸ್ಟಿರಾಯಿಡ್ ಇಂಜೆಕ್ಷನ್, ಎಲ್ಲಿಗೇ ಹಾಕಿಸಿದರೂ, 2022ರಿಂದ ಸ್ಪರ್ಧೆಯ ಸಮಯದಲ್ಲಿ ನಿಷೇಧ. ಡಬ್ಬದ ಮೇಲೆ ಬರೆಯದ ವಸ್ತು ಪೌಡರಿನಲ್ಲಿ ಸಿಕ್ಕರೂ ಜವಾಬ್ದಾರಿ ಓಟಗಾರ್ತಿಯದ್ದೇ. ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ.

ಇನ್ನು ದಸರಾ. ತಾಲ್ಲೂಕು ಮಟ್ಟದ ಕೂಟಕ್ಕೆ ಹೋದರೆ ನೀವು ಗೆದ್ದರೂ ಗೆಲ್ಲಬಹುದು, ಅದೇ ನನಗೆ ಹೆದರಿಕೆ. ಗೆದ್ದರೆ ಜಿಲ್ಲೆ, ಆಮೇಲೆ ಮೈಸೂರು ವಿಭಾಗ, ಆಮೇಲೆ ರಾಜ್ಯ. ಕೆಲವೇ ವಾರಗಳಲ್ಲಿ ಒಂದರ ಹಿಂದೆ ಒಂದು ಜೋರು ಓಟ, ಸ್ಪೈಕ್ (ಮೊಳೆ ಶೂ) ಹಾಕಿಕೊಂಡು. ನೋವಿರುವ ಶಿನ್‌ಗೆ ಇದಕ್ಕಿಂತ ಕೆಟ್ಟ ಟೈಮ್‌ಟೇಬಲ್ ಇಲ್ಲ. ಎಂಆರ್‌ಐಯಲ್ಲಿ ಬಿರುಕಿಲ್ಲ, ಒತ್ತಿದರೆ ನೋವಿಲ್ಲ, ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಿಲ್ಲ ಅಂತಾದರೆ ಮಾತ್ರ ತಾಲ್ಲೂಕಿನಲ್ಲಿ ಒಂದು ಓಟ ಓಡಿ ಅಲ್ಲಿಗೇ ನಿಲ್ಲಿಸಬಹುದು. ನಿಮ್ಮಂಥವರು ಅಲ್ಲಿಗೇ ನಿಲ್ಲಿಸುತ್ತಾರಾ? ನನಗೆ ನಂಬಿಕೆ ಕಡಿಮೆ.

ನನ್ನ ಸಲಹೆ, ಈ ವರ್ಷ ಟ್ರ್ಯಾಕ್ ಬಿಡಿ. ನೋವು ಪೂರ್ತಿ ಹೋದ ಮೇಲೆ ನಡಿಗೆ, ಓಟ, ನಡಿಗೆ ಹೀಗೆ ಶುರು ಮಾಡಿ. ವಾರಕ್ಕೆ ನಾಲ್ಕು ದಿನ, ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ವೇಗ. ಎರಡು ದಿನ ಕಾಲಿನ ಬಲಕ್ಕೆ: ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು (ಒಂದೊಂದು ಕಾಲಲ್ಲೂ ಸರಾಗವಾಗಿ 25 ಬರುವವರೆಗೆ), ಸ್ಕ್ವಾಟ್, ಆಮೇಲೆ ಸ್ಕಿಪ್ಪಿಂಗ್. ಮೂರು ತಿಂಗಳು ಗಡಿಯಾರ ನೋಡಬೇಡಿ. ನಾಲ್ಕನೇ ತಿಂಗಳಿಂದ ಏರು ದಾರಿಯಲ್ಲಿ ಜೋರು ಓಟ. ಸಕಲೇಶಪುರದ ಎಸ್ಟೇಟ್ ರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಏರಿನಲ್ಲಿ ಪಾದಕ್ಕೆ ಬೀಳುವ ಹೊಡೆತ ಕಡಿಮೆ, ಹೃದಯಕ್ಕೆ ಕೆಲಸ ಜಾಸ್ತಿ. ಇಳಿಯುವಾಗ ಮಾತ್ರ ನಡೆದು ಬನ್ನಿ, ಶಿನ್ ಕೆಡುವುದು ಇಳಿಜಾರಿನಲ್ಲಿ. ವಾರಕ್ಕೆ 10% ಮಾತ್ರ ಏರಿಸಬೇಕು ಅನ್ನುವ ನಿಯಮವನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಯಾವುದೋ ಭಾನುವಾರ ಹುರುಪು ಬಂದು ಒಂದೇ ಸಲಕ್ಕೆ ದುಪ್ಪಟ್ಟು ದೂರ ಓಡುವುದು ಅದಕ್ಕಿಂತ ದೊಡ್ಡ ಅಪಾಯ. ದೂರ ಏರಿಸಿದ ವಾರ ವೇಗ ಏರಿಸಬೇಡಿ. ಆಸೆಗೆ ಒಂದೆರಡು 5 ಕಿ.ಮೀ., 10 ಕಿ.ಮೀ. ರಸ್ತೆ ಓಟ ಓಡಿ. ಮುಂದಿನ ವರ್ಷದ ದಸರಾಕ್ಕೆ ಟ್ರ್ಯಾಕಿಗೆ ಬನ್ನಿ. ಇದರಲ್ಲಿ ಅಪಾಯ ಬೇಸರದ್ದು, ನಡುವೆ ಬಿಟ್ಟುಬಿಡುವುದು.

ಟ್ರ್ಯಾಕ್ ಬಿಟ್ಟು ಕಾಫಿ ತೋಟಗಳ ನಡುವಿನ ಟ್ರೇಲ್ ಓಟಕ್ಕೆ ಹೋಗುವವರೂ ಇದ್ದಾರೆ. ಚಿಕ್ಕಮಗಳೂರಿನ ಕಡೆ ಮ್ಯಾರಥಾನ್‌ಗಿಂತ ಉದ್ದದ ಅಲ್ಟ್ರಾ ಓಟಗಳೇ ನಡೆಯುತ್ತವೆ. ಮೆತ್ತಗಿನ ಮಣ್ಣು ಕಾಲಿಗೆ ಒಳ್ಳೆಯದು, ಆದರೆ 50 ಕಿ.ಮೀ. ಅನ್ನುವುದು ನಿಮ್ಮ ಮೂಳೆಗೆ ಈಗ ಕೇಳಬಾರದ ಪ್ರಶ್ನೆ. ಅಂದಹಾಗೆ, ನಮ್ಮೂರ ಎತ್ತರದಿಂದ ತಾನಾಗಿಯೇ ಸ್ಟ್ಯಾಮಿನಾ ಬರುತ್ತದೆ ಅಂತ ಎರಡೂ ಜಿಲ್ಲೆಯವರು ಹೆಮ್ಮೆಪಡುತ್ತಾರೆ. ಹಾಸನ ಸಾವಿರ ಮೀಟರಿನ ಒಳಗೆ, ಚಿಕ್ಕಮಗಳೂರು ಸ್ವಲ್ಪ ಮೇಲೆ. ರಕ್ತದ ಮೇಲೆ ಪರಿಣಾಮ ಆಗಲು ಸುಮಾರು 1,800 ಮೀಟರಿಗಿಂತ ಮೇಲೆ ವಾರಗಟ್ಟಲೆ ಇರಬೇಕು, ಊಟಿಗೆ ಓಟಗಾರರು ಹೋಗುವುದು ಅದಕ್ಕೇ. ಮುಳ್ಳಯ್ಯನಗಿರಿ ತುದಿ ಸುಮಾರು 1,930 ಮೀಟರ್, ಆದರೆ ಅಲ್ಲಿ ಮನೆ ಮಾಡಲಾಗುವುದಿಲ್ಲ ಅಲ್ವಾ? ನಮಗೆ ಸಿಗುವುದು ತಂಪು ಹವೆ. ಅದೂ ಸಣ್ಣ ಲಾಭವೇನಲ್ಲ.

4:46ರ ಮಾತಿಗೆ ಬರೋಣ. 5 ಕಿ.ಮೀ.ಗೆ 22 ನಿಮಿಷ ಅಂದರೆ ಇವತ್ತಿನ ಲೆಕ್ಕದಲ್ಲಿ 1500 ಮೀಟರಿಗೆ ಸುಮಾರು 6 ನಿಮಿಷ. 4:46 ಓಡುವವರು 5 ಕಿ.ಮೀ. 18 ನಿಮಿಷದ ಆಸುಪಾಸಿನಲ್ಲಿ ಮುಗಿಸಬಲ್ಲವರಾಗಿರಬೇಕು. ಅಂತರ ದೊಡ್ಡದು, ಒಂದು ವರ್ಷದಲ್ಲಿ ತುಂಬುವಂಥದ್ದಲ್ಲ. ಎರಡು ಮೂರು ವರ್ಷ ಗಾಯವಿಲ್ಲದೆ, ಮುಟ್ಟು ತಪ್ಪದೆ ಓಡಿದರೆ ಹತ್ತಿರ ಬರಬಹುದು, ದಾಟಲೂಬಹುದು. ಖಾತ್ರಿ ಕೊಡುವವರನ್ನು ನಂಬಬೇಡಿ. ಆ 4:46 ಅರೆಹೊಟ್ಟೆಗೆ ಮುಂಚಿನದ್ದು ಅನ್ನುವುದನ್ನು ನೆನಪಿಡಿ. ಊಟ ಬಿಟ್ಟ ಮೇಲೆ ನೀವು ಅದನ್ನು ಒಮ್ಮೆಯೂ ಸುಧಾರಿಸಿಲ್ಲ.

ಹಳೇ ಕೋಚ್ ವಿಷಯದಲ್ಲಿ ನಾನು ತೀರ್ಪು ಕೊಡುವುದಿಲ್ಲ. ಆ ಕಾಲದಲ್ಲಿ ತೂಕದ ಮಾತು ಬಹಳ ಕೋಚ್‌ಗಳು ಆಡುತ್ತಿದ್ದರು, ಕೆಲವರು ಬದಲಾಗಿದ್ದಾರೆ. ಹೋಗಿ ಮಾತಾಡಿ. ಸರ್, ನನ್ನ ತೂಕ ನೋಡುವುದು, ಊಟದ ಬಗ್ಗೆ ಹೇಳುವುದು ನನ್ನ ವೈದ್ಯರಿಗೆ ಬಿಡುತ್ತೀರಾ ಅಂತ ಕೇಳಿ. ಮುಟ್ಟು ತಪ್ಪಿದೆ ಅಥವಾ ಒಂದು ಕಡೆ ಮೂಳೆ ನೋಯುತ್ತಿದೆ ಅಂತ ನಾನು ಹೇಳಿದ ದಿನ, ಕೂಟ ಎಷ್ಟೇ ಹತ್ತಿರ ಇದ್ದರೂ, ಓಟ ನಿಲ್ಲಿಸಲು ಒಪ್ಪುತ್ತೀರಾ ಅಂತ ಕೇಳಿ. ಹೂಂ ಅಂದರೆ ನಿಮ್ಮ ಓಟ ಚೆನ್ನಾಗಿ ಬಲ್ಲವರೇ ಸಿಕ್ಕಂತಾಯಿತು. ‘ಅದೆಲ್ಲ ನನಗೆ ಬಿಡು’ ಅಂದರೆ ನಮಸ್ಕಾರ ಹೇಳಿ ಬನ್ನಿ. ಮೊದಲ ಆರು ತಿಂಗಳಿಗೆ ನಿಮಗೆ ಕೋಚ್‌ಗಿಂತ ಫಿಸಿಯೋ ಮತ್ತು ವೈದ್ಯರೇ ಹೆಚ್ಚು ಬೇಕು. ಎಂಆರ್‌ಐ ರಿಪೋರ್ಟ್ ಬಂದ ಮೇಲೆ ಯಾವ ಮೂಳೆ, ಯಾವ ಜಾಗ ಅಂತ ಬರೆಯಿರಿ, ಓಟ ಯಾವ ವಾರದಿಂದ ಶುರು ಮಾಡಬಹುದು ಅಂತ ಆಗ ಹೇಳಲು ಬರುತ್ತದೆ.